ಹನ್ನೊಂದನೇ ಕುದುರೆಯ ಒಡತಿ

ಗೇಟಿನ ಹೊರಗೆ ನಿಂತು ಯಾರಾದರೂ ಒಳಗೆ ಇಣುಕುತ್ತಿದ್ದರೆ ಅವನು ಜಾಗ ಕೇಳಲು ಬಂದ ಬ್ರೋಕರ್ ಆಗಿರಬೇಕು, ಇಲ್ಲವೇ ರೂಮ್ ಖಾಲಿ ಇದೆಯಾ ಎಂದು ಕೇಳುವ ಫ್ಯಾಕ್ಟರಿ ಹುಡುಗ ಆಗಿರಬೇಕು. ನಾಗಸಂದ್ರದಲ್ಲೇ ಹುಟ್ಟಿ ಬೆಳೆದ ಯಮುನಾಳಿಗೆ ಇದರಲ್ಲಿ ಮೂರನೇ ಬಗೆ ಇದೆಯೆಂದು ಗೊತ್ತಿರಲಿಲ್ಲ.

ಆ ಗುರುವಾರ ಬೆಳಗ್ಗೆ ನಿಂತಿದ್ದವನು ಫ್ಯಾಕ್ಟರಿ ಹುಡುಗನಂತೂ ಅಲ್ಲ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲೊಂದು ಫೈಲು. ಫೈಲು ಕಂಡದ್ದೇ ತಡ, ಲದ್ದಿ ಎತ್ತುತ್ತಿದ್ದ ಯಮುನಾ ಸಲಿಕೆಯ ಸಮೇತ ಗೇಟಿಗೆ ಬಂದಳು.

“ಜಾಗ ಮಾರಲ್ಲ. ಜಾಯಿಂಟ್ ಡೆವಲಪ್‌ಮೆಂಟೂ ಬೇಡ. ಹೊರಡಿ.”

“ಜಾಗಕ್ಕೆ ಬಂದಿಲ್ಲ ಮೇಡಂ,” ಎಂದ ಅವನು. ಕಣ್ಣು ಅವಳ ಮೇಲಿರಲಿಲ್ಲ. ಅವಳ ಹೆಗಲು ದಾಟಿ ಲಾಯದೊಳಗೆ ಹೋಗಿತ್ತು. “ಎಡಗಡೆ ಮುಂಗಾಲಿಗೆ ಬಂದಿದ್ದೀನಿ.”

ಲಾಯದಲ್ಲಿ ಎರಡು ಚಿಕ್ಕ ಕುದುರೆಗಳ ಪಕ್ಕ ಕಸ್ತೂರಿ ನಿಂತಿದ್ದಳು. ಮೈಮೇಲೆ ಒಂದೇ ಒಂದು ಬಿಳಿ ಕೂದಲಿಲ್ಲದ ಕಪ್ಪು ಹೆಣ್ಣು ಕುದುರೆ. ರೇಸಿನಲ್ಲಿ ಓಡಿ ಓಡಿ ಸಾಕಾದವಳನ್ನು ಯಮುನಾಳ ಅಪ್ಪ ಮನೆಗೆ ತಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಮದುವೆ ದಿಬ್ಬಣದಲ್ಲಿ ಗಂಡುಗಳನ್ನು ಹೊತ್ತು, ಅಪಾರ್ಟ್‌ಮೆಂಟಿನ ಮಕ್ಕಳಿಗೆ ಸವಾರಿ ಕಲಿಸಿ, ಅಜ್ಜಿ ಮೊಮ್ಮಗಳಿಬ್ಬರ ಸಂಸಾರ ನಡೆಸಿದವಳು ಅವಳೇ. ಎರಡು ತಿಂಗಳ ಹಿಂದೆ ಒಂದು ದಿಬ್ಬಣದಲ್ಲಿ ಪಟಾಕಿಗೆ ಬೆಚ್ಚಿ, ಕಾಂಕ್ರೀಟ್ ರಸ್ತೆಯಲ್ಲಿ ಜಾರಿದಳು. ಮುಂಗಾಲಿನ ಹಿಂದೆ ಹಗ್ಗದ ಹಾಗೆ ಇಳಿಯುವ ದಪ್ಪ ನರ, ಡಾಕ್ಟರುಗಳು ಟೆಂಡನ್ ಅನ್ನುತ್ತಾರಲ್ಲ ಅದು, ಒಳಗೊಳಗೇ ಹರಿಯಿತು. ಮೊದಲು ನೋಡಿದ ಡಾಕ್ಟರು “ಇಟ್ಕೊಂಡು ಏನ್ ಮಾಡ್ತೀರಾ, ಕೊಟ್ಬಿಡಿ” ಎಂದಿದ್ದರು. ಕುಂಟು ಕುದುರೆ ಕೊಳ್ಳುವವರು ಅದನ್ನು ಎಲ್ಲಿಗೆ ಒಯ್ಯುತ್ತಾರೆಂದು ಯಮುನಾಳಿಗೆ ಗೊತ್ತಿತ್ತು. ಅವಳು ಕೊಡಲಿಲ್ಲ. ಈ ಕಾಲು ಕೂಡಿದರೆ ಕಸ್ತೂರಿ ಉಳಿಯುತ್ತಾಳೆ, ಇನ್ನೊಂದು ಸಲ ಹರಿದರೆ ಇಲ್ಲ.

ಬಂದವನ ಹೆಸರು ಶಿವಶಂಕರ್. ಕುದುರೆ ಡಾಕ್ಟರು. ಎಲೆಕ್ಟ್ರಾನಿಕ್ ಸಿಟಿಯ ಒಂದು ಲ್ಯಾಬಿನವನು. ಕಾಲು ಹರಿದ ಸುದ್ದಿ ಅವನಿಗೆ ಆ ಮೊದಲ ಡಾಕ್ಟರಿಂದ ಸಿಕ್ಕಿತ್ತು.

“ಎದೆ ಮೂಳೆಯಿಂದ ಸ್ವಲ್ಪ ಮಜ್ಜೆ ತಗೋತೀವಿ,” ಎಂದು ಅವನು ಕಸ್ತೂರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ. “ಅದರಲ್ಲಿ ಸ್ಟೆಮ್ ಸೆಲ್ ಇರುತ್ತೆ. ಮೂರು ವಾರ ಲ್ಯಾಬಲ್ಲಿ ಬೆಳೆಸಿ, ಅವಳದ್ದನ್ನೇ ವಾಪಸ್ ಅವಳ ಕಾಲಿಗೆ ಹಾಕ್ತೀವಿ. ಸುಮ್ನೆ ಬಿಟ್ರೂ ಗಾಯ ಕೂಡುತ್ತೆ ಮೇಡಂ, ಆದ್ರೆ ಒರಟಾಗಿ ಕೂಡುತ್ತೆ, ಎಳೆಯೋ ಶಕ್ತಿ ಇರಲ್ಲ. ಇದರಿಂದ ಎಳೆ ಎಳೆಯಾಗಿ, ಮೊದಲಿನ ಹಾಗೆ ಕೂಡಬಹುದು.”

“ಬಹುದು?”

“ಬಹುದು. ಗ್ಯಾರಂಟಿ ಇಲ್ಲ.”

“ಎಷ್ಟಾಗುತ್ತೆ?”

“ಏನೂ ಇಲ್ಲ. ಇದೊಂದು ಸ್ಟಡಿ. ಫ್ರೀ.”

ಸರಿಹೋಯಿತು! ಪುಕ್ಕಟೆ ಅನ್ನುವ ಮಾತು ಕಿವಿಗೆ ಬಿದ್ದರೆ ಯಮುನಾಳ ಮೈಯೆಲ್ಲ ಕಣ್ಣಾಗುತ್ತಿತ್ತು. ಈ ಸುತ್ತಿನಲ್ಲಿ ನಗುತ್ತಾ ಬಂದು ಪುಕ್ಕಟೆ ಕೊಟ್ಟವರು ಯಾರೂ ಬರಿಗೈಲಿ ಹೋದದ್ದನ್ನು ಅವಳು ಕಂಡಿರಲಿಲ್ಲ. ಅವಳು ಹಾಲು ಕೊಂಡರೆ ನೆಲದ ಮೇಲೆ ಒಂದು ತೊಟ್ಟು ಬಿಟ್ಟು ಹರಿಯುತ್ತದೋ ನಿಲ್ಲುತ್ತದೋ ನೋಡುವವಳು. ಹುರುಳಿ ತಂದರೆ ಮೂಟೆಯ ತಳಕ್ಕೇ ಕೈ ಹಾಕುವವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಅವಳಿಗೆ ಗಾದೆಯಲ್ಲ, ದಿನಚರಿ.

ಆಮೇಲೆ ಅವನು ಹೇಳಿದ್ದು ಕೇಳಿ ಅವಳ ಹುಬ್ಬು ಇನ್ನೂ ಮೇಲೇರಿತು. ಸ್ಟಡಿಯಲ್ಲಿರುವ ಅರ್ಧ ಕುದುರೆಗಳಿಗೆ ಸೆಲ್ ಇರುವ ಸಿರಿಂಜು, ಇನ್ನರ್ಧಕ್ಕೆ ರಕ್ತದ ಬರೀ ತಿಳಿ, ಅಂದರೆ ಪ್ಲಾಸ್ಮಾ. ಯಾವ ಕುದುರೆಗೆ ಯಾವುದು ಎಂದು ಹಾಕುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಬಾಗಿಲಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಅಶ್ವತ್ಥಮ್ಮಜ್ಜಿ ಬಾಯಿ ಬಿಟ್ಟಳು. “ಏನವ್ವ ಇದು! ಪೂಜಾರಪ್ಪಂಗೇ ತೀರ್ಥ ಯಾವ್ದು ನೀರ್ ಯಾವ್ದು ಗೊತ್ತಿಲ್ವಂತಾ?”

ಶಿವಶಂಕರ್ ನಕ್ಕುಬಿಟ್ಟ. ಮುಖ ಗಂಭೀರವಾಗಿದ್ದಾಗ ಕಾಣದ ಒಂದು ಗುಳಿ ಎಡಗೆನ್ನೆಯಲ್ಲಿ ಬಿತ್ತು. ಯಮುನಾ ಅದನ್ನು ನೋಡಿದಳು. ನೋಡಿ, ಇಂಥ ಗುಳಿ ಇಟ್ಟುಕೊಂಡೇ ಇವರು ಊರೆಲ್ಲ ಮೋಸ ಮಾಡುವುದು ಎಂದುಕೊಂಡಳು.

ಆದರೂ ಒಪ್ಪಿದಳು. ಬೇರೆ ದಾರಿ ಇರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ: ಇಷ್ಟು ದಿನದಲ್ಲಿ ‘ಗ್ಯಾರಂಟಿ ಇಲ್ಲ’ ಎಂದ ಮೊದಲ ಮನುಷ್ಯ ಇವನೇ.

ಮಜ್ಜೆ ತೆಗೆದ ವಾರವೇ ಅವಳು ಲಾಯಕ್ಕೆ, ಗೇಟೂ ಕಾಣುವ ಹಾಗೆ, ಸಿಸಿಟಿವಿ ಹಾಕಿಸಿದಳು.

* * *

ಮೂರು ವಾರ ಕಳೆದು ಸಿರಿಂಜು ಬಂತು. ಅದರ ಮೇಲೆ ಹೆಸರಿರಲಿಲ್ಲ, ಹನ್ನೊಂದು ಎಂಬ ಅಂಕಿ ಮಾತ್ರ. ಸ್ಟಡಿಯಲ್ಲಿ ಕಸ್ತೂರಿ ಹನ್ನೊಂದನೇ ಕುದುರೆ. ಶಿವಶಂಕರ್ ಸ್ಕ್ಯಾನಿನ ಪರದೆ ನೋಡುತ್ತಾ, ಟೆಂಡನ್ನಿನ ನಡುವಿನ ಕಪ್ಪು ತೂತಿಗೆ ಸೂಜಿ ಇಳಿಸಿದ. ಆಮೇಲೆ ಒಂದು ಪಟ್ಟಿ ಕೊಟ್ಟ. ಮೊದಲು ಪೂರ್ತಿ ವಿಶ್ರಾಂತಿ. ನಂತರ ದಿನಕ್ಕೆ ಐದು ನಿಮಿಷ ನಡಿಗೆ, ಆಮೇಲೆ ಹತ್ತು, ಹದಿನೈದು.

“ಗಡಿಯಾರ ಇಟ್ಕೊಂಡು ನಡೆಸಿ,” ಎಂದ. “ಕಮ್ಮಿಯಾದ್ರೆ ಪರವಾಗಿಲ್ಲ, ಒಂದು ನಿಮಿಷನೂ ಜಾಸ್ತಿ ಬೇಡ. ಹೊಸ ಎಳೆ ಈಗ ಹಸೀದು.”

“ನನಗೆ ಕುದುರೆ ನಡೆಸೋದು ಹೇಳ್ಕೊಡ್ತೀರಾ?”

“ಇಲ್ಲ. ನಿಲ್ಲಿಸೋದು ಹೇಳ್ಕೊಡ್ತಿದ್ದೀನಿ.”

ಎಷ್ಟು ಕೊಬ್ಬು! ಎಂದುಕೊಂಡಳು. ಸಂಜೆಯವರೆಗೂ ಆ ಮಾತೇ ತಲೆಯಲ್ಲಿ ತಿರುಗಿತು.

ಪ್ರತಿ ಗುರುವಾರ ಅವನು ಬಂದ. ಅವಳು ಅವನ ಕೈಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಚೀಲದಿಂದ ಏನು ತೆಗೆದ, ಮತ್ತೆ ಏನು ಒಳಗಿಟ್ಟ, ಹತ್ತಿ ಯಾಕೆ ಜೇಬಿಗೆ ಹಾಕಿದ. ಅವನು ತಲೆಯೆತ್ತಿದಾಗ ಅವಳ ನೋಟ ಅಲ್ಲೇ ಇರುತ್ತಿತ್ತು. ಇಬ್ಬರಲ್ಲಿ ಮೊದಲು ಕಣ್ಣು ತಗ್ಗಿಸುತ್ತಿದ್ದವನು ಅವನೇ.

“ಏನು ಹಾಗೆ ನೋಡ್ತೀರಾ?” ಎಂದು ಒಮ್ಮೆ ಕೇಳಿದ.

“ಕಾವಲು ಕಾಯ್ತಿದ್ದೀನಿ.”

“ಯಾರನ್ನ?”

“ಕುದುರೇನ.”

“ಕುದುರೆ ಆ ಕಡೆ ಇದೆಯಲ್ಲಾ.”

ಅವಳ ಕಿವಿ ಬಿಸಿಯಾಯಿತು. ಅಜ್ಜಿ ಬಾಗಿಲಲ್ಲಿ ಸುಮ್ಮನೆ ಕೆಮ್ಮಿದಳು.

ಅಜ್ಜಿಗೋ ಡಾಕ್ಟರೆಂದರೆ ಪ್ರಾಣ. ಜಟಕಾ ಓಡಿಸುತ್ತಿದ್ದವನ ಹೆಂಡತಿ ಅವಳು; ಕುದುರೆಯ ಕಾಲ ಬಳಿ ಕೂತ ಗಂಡಸೆಂದರೆ ಅವಳಿಗೆ ಗೌರವ. “ಡಾಕ್ಟ್ರಪ್ಪ, ಒಂಚೂರು ಉಪ್ಪಿಟ್ಟು ತಿಂದ್ಕೊಂಡ್ ಓಗು,” ಎಂದು ತಟ್ಟೆ ಹಿಡಿದು ನಿಲ್ಲುತ್ತಿದ್ದಳು. ಊರು ಯಾವುದು, ಅಮ್ಮ ಹೇಗಿದ್ದಾರೆ, ಮದುವೆ ಯಾಕಾಗಿಲ್ಲ, ಎಲ್ಲ ವಿಚಾರಿಸಿದ್ದಳು. ಸ್ಟಡಿಗೆ ಇಪ್ಪತ್ತು ಕುದುರೆ ಬೇಕಂತೆ, ಹನ್ನೊಂದಕ್ಕೇ ನಿಂತುಹೋಗಿದೆಯಂತೆ, ಒಂದು ಸಲ ಲ್ಯಾಬಿನ ಮಷೀನ್ ಕೆಟ್ಟು ಬೆಳೆಸಿದ ಸೆಲ್ಲೆಲ್ಲ ಹಾಳಾಯಿತಂತೆ. ಇದನ್ನೆಲ್ಲ ಕೇಳಿ ಅಜ್ಜಿ ಲೊಚಗುಟ್ಟಿದಳು. “ದೃಷ್ಟಿ ಕಣಪ್ಪ ನಿಂಗೆ. ಯಾರೋ ಕಣ್ಣಾಕವ್ರೆ.”

ಯಮುನಾಳದು ಬೇರೆ ಕಾರ್ಯಕ್ರಮ. ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಫೋನಿನಲ್ಲಿ ಬೆಳಗಿನ ಸಿಸಿಟಿವಿ ತೆಗೆಯುತ್ತಿದ್ದಳು. ತನ್ನ ಕಣ್ಣು ತಪ್ಪಿಸಿ ಅವನೇನಾದರೂ ಮಾಡಿದನೋ ನೋಡಬೇಕಲ್ಲ! ಮೊದಲ ವಾರ ಒಂದು ಸಲ ನೋಡಿದಳು. ಮೂರನೇ ವಾರದ ಹೊತ್ತಿಗೆ ನಾಲ್ಕು ಸಲ. ಕಸ್ತೂರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅವನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರುವುದು. ಕಸ್ತೂರಿ ಅವನ ಕಾಲರ್ ಕಚ್ಚಿದರೆ ಬೈಯದೆ ಕತ್ತು ಸರಿಸುವುದು. ಹೋಗುವಾಗ ಗೇಟಿನ ಹತ್ತಿರ ನಿಂತು, ಅವಳು ಒಳಗೆ ತಿರುಗಿಕೊಂಡ ಮೇಲೆ, ಒಂದು ಸಲ ಹಿಂದಿರುಗಿ ನೋಡುವುದು. ಆ ಜಾಗಕ್ಕೆ ಬಂದಾಗ ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದಳು. ಏನು ನೋಡಿದ ಇವನು? ಲಾಯದ ಬೀಗ ನೋಡಿದನೋ?

“ಅನ್ನ ಆರೋಯ್ತು ಕಣೇ,” ಎನ್ನುತ್ತಿದ್ದಳು ಅಜ್ಜಿ. “ಅದೇನ್ ಸಿನಿಮಾನೋ, ವಾರ ವಾರ.”

* * *

ಹನ್ನೆರಡನೇ ಗುರುವಾರ ಎರಡನೇ ಸ್ಕ್ಯಾನು. ಮೊದಲನೆಯದರಲ್ಲಿ ತೂತು ಚಿಕ್ಕದಾಗಿತ್ತು. ಯಮುನಾ ಅಂದು ಯಾರಿಗೂ ಕಾಣದ ಹಾಗೆ ಕಸ್ತೂರಿಯ ಕೊರಳಿಗೆ ಮುಖ ಒತ್ತಿ ಅತ್ತಿದ್ದಳು. ಈ ಸಲ ಇನ್ನೂ ಚೆನ್ನಾಗಿರುತ್ತದೆಂದು ಬೆಳಗ್ಗೆಯೇ ಎದ್ದು, ತಲೆಗೆ ಸ್ನಾನ ಮಾಡಿ, ಅಷ್ಟಕ್ಕೇ ನಿಲ್ಲದೆ ಮಲ್ಲಿಗೆಯನ್ನೂ ಮುಡಿದಿದ್ದಳು. ಲದ್ದಿ ಎತ್ತುವವಳಿಗೆ ಮಲ್ಲಿಗೆ ಯಾಕೆ ಎಂದು ಅಜ್ಜಿ ಕೇಳಲಿಲ್ಲ.

ಶಿವಶಂಕರ್ ಅವತ್ತು ಏನೋ ಹೇಳುವವನ ಹಾಗೆ ಬಂದ. ಕೈಯಲ್ಲಿ ಒಂದು ಕವರಿತ್ತು. “ಯಮುನಾ ಅವರೇ, ಒಂದು ವಿಷಯ...” ಎಂದು ಶುರು ಮಾಡಿದ.

“ಮೊದಲು ಕಾಲು ನೋಡಿ,” ಎಂದಳು ಅವಳು.

ಅವನು ಕೂತ. ಕೈಯಿಟ್ಟ. ಇಟ್ಟ ಕೈ ಅಲ್ಲೇ ನಿಂತಿತು. ಮತ್ತೆ ಸವರಿದ. ಮೆಷೀನ್ ಹಚ್ಚಿ ಪರದೆ ನೋಡಿದ. ಮುಚ್ಚಿಕೊಳ್ಳುತ್ತಿದ್ದ ತೂತಿನ ಅಂಚು ಮತ್ತೆ ಸೀಳಿತ್ತು.

ಅವನು ಕಾಲನ್ನು ಮಡಿಸಿ ಗೊರಸು ತಿರುಗಿಸಿದ. ತುಂಬ ಹೊತ್ತು ಲಾಳವನ್ನು ನೋಡಿದ.

“ಇದು ಹಾಕಿ ಎಷ್ಟು ದಿನ ಆಯ್ತು?”

“ಇಪ್ಪತ್ತೊಂದು ದಿನ. ನೀವೇ ಇದ್ರಲ್ಲ.”

“ದಿನಕ್ಕೆ ಹದಿನೈದು ನಿಮಿಷ ನಡೆದ ಕುದುರೆ ಲಾಳ ಇಪ್ಪತ್ತೊಂದು ದಿನಕ್ಕೆ ಹೀಗೆ ಸವೆಯಲ್ಲ.” ಅವನ ದನಿ ತಣ್ಣಗಿತ್ತು. “ಯಾವ ದಿಬ್ಬಣಕ್ಕೆ ಕಳಿಸಿದ್ರಿ?”

ಯಮುನಾ ಅವನ ಕಡೆ ತಿರುಗಿ ನಿಂತಳು. “ಏನಂದ್ರಿ?”

“ಮದುವೆ ಸೀಸನ್ನು. ಕಷ್ಟ ಇರುತ್ತೆ, ನನಗೆ ಅರ್ಥ ಆಗುತ್ತೆ. ಆದ್ರೆ ಹೇಳ್ಬೇಕಿತ್ತು.”

“ನಾನು? ಈ ಕಾಲಿನ ಮೇಲೆ? ಗಂಡು ಕೂರಿಸಿ?” ಅವಳ ದನಿ ಏರಿತು. “ರೀ ಡಾಕ್ಟ್ರೇ, ಹದಿನೈದು ನಿಮಿಷ ಅಂದ್ರೆ ಹದಿನೈದೇ ನಿಮಿಷ ನಡೆಸಿದ್ದೀನಿ. ನಿಮ್ಮ ಸಿರಿಂಜಲ್ಲಿ ಏನಿತ್ತು ಅದನ್ನ ಹೇಳಿ ಮೊದಲು. ನೀರು ಹಾಕಿ, ಕಾಲು ಕೂಡಲಿಲ್ಲ ಅಂತ ನನ್ನ ಮೇಲೆ ಗೂಬೆ ಕೂರಿಸ್ತಿದ್ದೀರಾ? ಮೊದಲ ದಿನವೇ ಅನ್ಕೊಂಡಿದ್ದೆ, ಫ್ರೀ ಅಂದ್ರೆ ಇದೇ ಹಣೆಬರಹ ಅಂತ.”

“ಸಿರಿಂಜಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ! ಏನು ಕೇಳಿದ್ರೂ ಗೊತ್ತಿಲ್ಲ! ನಿಮಗೆ ನಿಮ್ಮ ಪುಸ್ತಕ ಮುಖ್ಯ. ನನಗೆ ಇವಳು ಬಿಟ್ರೆ ಯಾರಿದ್ದಾರೆ?”

ಅವನು ಎದ್ದ. ಮುಖ ಕೆಂಪಾಗಿತ್ತು. ಕವರನ್ನು ಮಡಚಿ ಜೇಬಿಗೆ ತುರುಕಿದ. “ಐಸ್ ಹಾಕಿ. ನಡೆಸಬೇಡಿ. ಲಾಯದಿಂದ ಹೊರಗೆ ಬಿಡಬೇಡಿ,” ಎಂದಷ್ಟೇ ಹೇಳಿ ಹೊರಟ. ಗೇಟಿನ ಹತ್ತಿರ ಹಿಂದಿರುಗಿ ನೋಡಲಿಲ್ಲ. ಅಂದು ಮಧ್ಯಾಹ್ನ ಅವಳು ಸಿಸಿಟಿವಿಯಲ್ಲೂ ನೋಡಿ ಅದನ್ನು ಖಚಿತ ಮಾಡಿಕೊಂಡಳು.

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಕೋಪ ಒಂದು ಕಡೆ. ಆದರೆ ಲಾಳ ಸವೆದದ್ದು ಸುಳ್ಳಲ್ಲವಲ್ಲ! ಅವಳೇ ಕಾಲು ಎತ್ತಿ ನೋಡಿದಳು. ಮುಂದಿನ ಅಂಚು ರೊಟ್ಟಿಯ ಹಾಗೆ ತೆಳ್ಳಗಾಗಿತ್ತು. ಹಾಗಾದರೆ ಯಾರು?

ಇಷ್ಟು ದಿನ ಅವಳು ಗುರುವಾರದ ಸಿಸಿಟಿವಿ ಬಿಟ್ಟು ಬೇರೆ ದಿನದ್ದನ್ನು ತೆಗೆದೇ ಇರಲಿಲ್ಲ. ಅನುಮಾನವೆಲ್ಲ ಒಬ್ಬನ ಮೇಲೇ ಖರ್ಚಾಗಿತ್ತು. ಶನಿವಾರ ಬೆಳಗ್ಗೆ ಕೂತು ಸೋಮವಾರದ್ದನ್ನು ತೆಗೆದಳು. ಮಧ್ಯಾಹ್ನ ಎರಡೂವರೆ: ಅವಳು ಚಿಕ್ಕ ಕುದುರೆಗಳೆರಡನ್ನು ಹಿಡಿದು ಅಪಾರ್ಟ್‌ಮೆಂಟಿನ ಕ್ಲಾಸಿಗೆ ಹೊರಟಳು. ಎರಡೂಮುಕ್ಕಾಲು: ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಶ್ವತ್ಥಮ್ಮಜ್ಜಿ ಬಂದಳು. ಕಸ್ತೂರಿಯ ಹಗ್ಗ ಬಿಚ್ಚಿದಳು. ಇಬ್ಬರೂ ನಿಧಾನವಾಗಿ ಗೇಟಿನಿಂದ ಹೊರಗೆ, ಕಾಂಕ್ರೀಟ್ ರಸ್ತೆಗೆ ಹೋದರು. ತಿರುಗಿ ಬಂದಾಗ ಮೂರೂವರೆ.

ಮಂಗಳವಾರ ಹಾಗೆಯೇ. ಬುಧವಾರವೂ.

“ಅಜ್ಜೀ!”

ಅಜ್ಜಿ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಮಾಡಿದ್ದೇನೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

“ಲಾಳ ಸವೀಲಿ ಅಂತ ಕಣವ್ವ. ಕರೀಕುದ್ರೆ ಲಾಳ ಬಾಗ್ಲಿಗೆ ಒಡುದ್ರೆ ದೃಷ್ಟಿ ಓಯ್ತದೆ. ಪೀಣ್ಯದ್ ಶೆಡ್ಡೋರೆಲ್ಲ ನಿಮ್ಮಪ್ಪನ್ ತಾವ ಇಸ್ಕಂಡ್ ಓಯ್ತಿರ್‍ನಿಲ್ವಾ? ಒಸಾ ಲಾಳ ಕೊಟ್ರೆ ಅದ್ರಲ್ ಏನೈತೆ, ಬರೀ ಕಬ್ಣ. ಕುದ್ರೆ ಮೆಟ್ಟಿ ಮೆಟ್ಟಿ ಸವೆದಿದ್ರೇನೆ ಅದ್ಕೆ ಸಕ್ತಿ. ಇವ್ಳು ನೋಡುದ್ರೆ ನಿಂತೇ ಅವ್ಳೆ. ಅದ್ಕೇ ಒಂದೀಟು ನಡೆಸ್ದೆ.”

“ಯಾರಿಗೆ ಅಜ್ಜಿ? ಯಾರಿಗೆ ಬೇಕಿತ್ತು ಲಾಳ?”

“ಡಾಕ್ಟ್ರಪ್ಪಂಗೆ!” ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು. “ಪಾಪ, ಅದ್ರ ಕೆಲ್ಸಾನೇ ಕೈಗತ್ತಾ ಇಲ್ಲ. ಆ ಲ್ಯಾಬಿನ್ ಬಾಗ್ಲಿಗೆ ಒಡ್ಕೊಳ್ಳಿ ಅಂತ ಆಸೆ ಪಟ್ಟೆ. ನಾನ್ ಕುದ್ರೆ ಕಾಲ್ ಕೆಡುಸ್ತೀನಾ ಯಮ್ನಾ?”

ಯಮುನಾಳಿಗೆ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಜ್ಜಿಯ ಪಕ್ಕ ಕೂತು ಅತ್ತಳು. ಅವನ ಒಳ್ಳೆಯದಕ್ಕೆಂದು ಮಾಡಿದ್ದು ಅವನ ಕೆಲಸವನ್ನೂ, ಕಸ್ತೂರಿಯ ಕಾಲನ್ನೂ ಒಟ್ಟಿಗೆ ಹಾಳು ಮಾಡಿತ್ತು. ಲಾಳದ ಸವೆತದ ಬಗ್ಗೆ ಅವನು ಹೇಳಿದ್ದು ಅಕ್ಷರಶಃ ನಿಜ. ಅವಳು ಅವನ ಮೇಲೆ ಹೊರಿಸಿದ್ದರಲ್ಲಿ ಒಂದೂ ನಿಜವಲ್ಲ.

ಫೋನ್ ತೆಗೆದು ಬರೆದಳು. ಅಳಿಸಿ ಮತ್ತೆ ಬರೆದಳು. ‘ತಪ್ಪು ನಮ್ಮ ಮನೆಯಲ್ಲೇ ಆಗಿದೆ. ಅಜ್ಜಿ ನಡೆಸಿದ್ದಾರೆ, ತಿಳಿಯದೆ. ನಾನು ಆಡಿದ ಮಾತಿಗೆ ಕ್ಷಮಿಸಿ. ಬನ್ನಿ.’

ಎರಡು ನೀಲಿ ಗೀಟು ಬಿದ್ದವು. ಉತ್ತರ ಬರಲಿಲ್ಲ.

* * *

ಮುಂದಿನ ಗುರುವಾರ ಬಂದವರು ಡಾಕ್ಟರ್ ಪದ್ಮಾವತಿ. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಶಿವಶಂಕರನ ಮೇಲಿನವರು.

“ಇನ್ನು ಈ ಕೇಸ್ ನನ್ನದು,” ಎಂದರು. “ಗಾಯ ಮರುಕಳಿಸಿದೆ ಅಂತ ಸ್ಟಡಿ ನೋಡ್ಕೊಳ್ಳೋ ಕಮಿಟಿ ಒಪ್ಪಿಗೆ ತಗೊಂಡು ಹನ್ನೊಂದನೇ ನಂಬರಿನ ಗುಟ್ಟು ಬಿಚ್ಚಿದ್ವಿ. ನಿಮ್ಮ ಕುದುರೆಗೆ ಹೋಗಿದ್ದು ಸೆಲ್ ಅಲ್ಲ, ಬರೀ ಪ್ಲಾಸ್ಮಾ.”

ನೀರು ಎಂದು ಕೂಗಾಡಿದ್ದಳಲ್ಲ, ಗೆದ್ದ ಹಾಗಾಯಿತು! ಆದರೆ ಗೆದ್ದ ಖುಷಿ ಬರಲಿಲ್ಲ. ಗೊತ್ತಿಲ್ಲ ಎಂದಾಗ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

“ಇವಳ ಸೆಲ್ ನಮ್ಮ ಫ್ರೀಜರಲ್ಲಿ ಹಾಗೇ ಇದೆ. ಈಗ ಹಾಕ್ತೀನಿ,” ಎಂದರು ಪದ್ಮಾವತಿ. “ಆರು ತಿಂಗಳು. ನಡೆಸೋ ಪಟ್ಟಿ ಮೊದಲಿಂದ ಶುರು. ಇದೇ ಕೊನೇ ಅವಕಾಶ.”

“ಶಿವಶಂಕರ್ ಡಾಕ್ಟ್ರು ಯಾಕೆ ಬರಲಿಲ್ಲ?”

“ನಿಯಮ,” ಎಂದರು ಅವರು, ಕೈಗವಸು ಹಾಕಿಕೊಳ್ಳುತ್ತಾ.

ನಿಯಮವಂತೆ, ನಿಯಮ! ಬೇಡವಾದವರಿಗೆ ಎಂಥ ಚೆಂದದ ಮಾತು. ಕೋಪ ಇಳಿದಿಲ್ಲ ಅನ್ನಬಹುದಿತ್ತು. ಬೇರೆ ಯಾರೋ ಇದ್ದಾರೆ ಅನ್ನಬಹುದಿತ್ತು. ಗುಳಿಯಿರುವವರಿಗೆ ಯಾರೂ ಇಲ್ಲದೆ ಇರುತ್ತಾರೆಯೇ? ಯಮುನಾ ಅನುಮಾನದ ಮೂಟೆ ಬಿಚ್ಚಿ, ಒಂದೊಂದನ್ನೇ ತೆಗೆದು, ಮೂಸಿ ನೋಡಿ, ಮತ್ತೆ ಒಳಗಿಟ್ಟಳು.

ಜಗಳವಾದ ಹದಿನಾರನೇ ದಿನ ಅವಳಿಗೆ ಇನ್ನೊಂದು ಗೊತ್ತಾಯಿತು. ಸಿಸಿಟಿವಿ ಹದಿನೈದು ದಿನಕ್ಕಿಂತ ಹಳೆಯದನ್ನು ಇಟ್ಟುಕೊಳ್ಳುವುದಿಲ್ಲ, ತಾನಾಗಿ ಅಳಿಸಿಕೊಳ್ಳುತ್ತದೆ. ಮಧ್ಯಾಹ್ನ ಅನ್ನ ಕಲಸಿಕೊಂಡು ಹಳೆಯ ಗುರುವಾರ ಹುಡುಕಿದಳು. ಇರಲಿಲ್ಲ. ಅವನು ಜಗಳವಾಡಿ ಹೋದ ದಿನವೂ ಇರಲಿಲ್ಲ. ಒಂದೇ ಒಂದನ್ನೂ ಉಳಿಸಿಟ್ಟುಕೊಂಡಿರಲಿಲ್ಲ ಅವಳು, ಹಟಮಾರಿ. ಕಲಸಿದ ಅನ್ನ ಹಾಗೆಯೇ ಇಟ್ಟು ಲಾಯಕ್ಕೆ ಹೋದಳು. ಬೇಕಿತ್ತು ಅವಳಿಗೆ ಅವನು. ಅಷ್ಟು ಸ್ಪಷ್ಟವಾಗಿ ಅಂದು ಮೊದಲ ಸಲ ತನಗೆ ತಾನೇ ಹೇಳಿಕೊಂಡಳು. ಕಸ್ತೂರಿಯ ಮುಂದೆ ಹೇಳಿದರೆ ನಾಚಿಕೆ ಏನು.

ಆರು ತಿಂಗಳು ಗಡಿಯಾರ ಹಿಡಿದು ನಡೆಸಿದಳು. ಕ್ಲಾಸಿಗೆ ಹೋಗುವಾಗ ಲಾಯಕ್ಕೆ ಬೀಗ ಹಾಕಿ ಕೀಲಿಯನ್ನು ಜೊತೆಗೇ ಒಯ್ದಳು. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ತಾನೇ ಬೀಗ ಜಗ್ಗಿ ನೋಡಿ “ಸರಿಯಾಗದೆ, ಓಗು” ಎನ್ನುತ್ತಿದ್ದಳು. ಚಳಿ ಕಳೆದು ಬಿಸಿಲು ಬಂತು. ಪದ್ಮಾವತಿ ಬಂದು ಅಳೆದು ಬರೆದುಕೊಂಡು ಹೋಗುತ್ತಿದ್ದರು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

ಕೊನೆಯ ಸ್ಕ್ಯಾನಿನ ದಿನ ಬಂತು. ಪರದೆಯ ಮೇಲೆ ತೂತಿದ್ದ ಜಾಗದಲ್ಲಿ ಬಿಳಿಯ ಸಣ್ಣ ಗೆರೆಗಳು, ಮೇಲಿನಿಂದ ಕೆಳಕ್ಕೆ, ಸಾಲಾಗಿ. ಪದ್ಮಾವತಿ ಎದ್ದು, “ಓಡಿಸಿ” ಎಂದರು.

ಯಮುನಾ ಹಗ್ಗ ಹಿಡಿದು ಓಡಿದಳು. ಪಕ್ಕದಲ್ಲಿ ಕಸ್ತೂರಿ ಕುಕ್ಕುಲೋಟದಲ್ಲಿ ಬಂದಳು. ಯಮುನಾ ನೋಡಲಿಲ್ಲ, ಕೇಳಿಸಿಕೊಂಡಳು. ಟಕ್ ಟಕ್ ಟಕ್ ಟಕ್. ಒಂದು ಹೆಜ್ಜೆಯೂ ಇನ್ನೊಂದಕ್ಕಿಂತ ಹಗುರವಾಗಿರಲಿಲ್ಲ. ರಸ್ತೆಯ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಅವಳ ಕಣ್ಣಿಗೆ ದಾರಿಯೇ ಕಾಣುತ್ತಿರಲಿಲ್ಲ, ಅಷ್ಟು ನೀರು.

“ವಾಸಿಯಾಗಿದೆ,” ಎಂದರು ಪದ್ಮಾವತಿ, ಮೊದಲ ಸಲ ನಕ್ಕು. “ಇನ್ನೂ ಕೆಲವು ತಿಂಗಳು ಹುಷಾರು. ನಿಮ್ಮ ಲೆಕ್ಕದಲ್ಲಿ ಸ್ಟಡಿ ಮುಗೀತು. ಇವತ್ತಿಗೆ ಫೈಲ್ ಕ್ಲೋಸ್.”

ಯಮುನಾ ಮೂಗು ಒರೆಸಿಕೊಂಡಳು. “ಒಂದು ಕೇಳ್ತೀನಿ ಮೇಡಂ. ಅವರಿಗೆ ನನ್ನ ಮೇಲೆ ಅಷ್ಟೊಂದು ಕೋಪನಾ?”

“ಯಾರಿಗೆ?” ಪದ್ಮಾವತಿ ಕನ್ನಡಕದ ಮೇಲಿಂದ ನೋಡಿದರು. “ನಿಮಗೆ ಆತ ಹೇಳೇ ಇಲ್ವಾ? ನಿಮ್ಮ ಕುದುರೆ ಫೈಲು, ನಿಮಗೆ ಓದೋ ಹಕ್ಕಿದೆ. ಕೊನೇ ಪೇಜ್ ನೋಡಿ.”

ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

‘ಕಮಿಟಿಗೆ. ಹನ್ನೊಂದನೇ ಕುದುರೆಯ ಒಡತಿಯ ಬಗ್ಗೆ ನನಗೆ ವೈಯಕ್ತಿಕ ಆಸಕ್ತಿ ಉಂಟಾಗಿದೆ. ಇದು ಒಡತಿಗೆ ತಿಳಿದಿಲ್ಲ. ಆಕೆಗೆ ಸದ್ಯಕ್ಕೆ ನನ್ನ ಮೇಲಿರುವುದು ಅನುಮಾನ ಮಾತ್ರ. ಆದರೆ ಈ ಕುದುರೆಯ ಸ್ಕ್ಯಾನ್ ನೋಡುವಾಗ ಅದು ವಾಸಿಯಾಗಿರಲಿ ಎಂದು ಹಾರೈಸಿಕೊಂಡೇ ನೋಡುತ್ತಿದ್ದೇನೆ. ಹೀಗೆ ಹಾರೈಸುವವನ ಅಳತೆಯನ್ನು ನಂಬಬಾರದು. ಆದ್ದರಿಂದ ಈ ಕೇಸನ್ನು ಬೇರೆಯವರಿಗೆ ವಹಿಸಬೇಕು. ಇದರ ಸ್ಟಡಿ ಮುಗಿಯುವವರೆಗೆ ಒಡತಿಯೊಡನೆ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳುವುದಿಲ್ಲ.’

ಯಮುನಾ ಎರಡು ಸಲ ಓದಿದಳು. ಆಮೇಲೆ, ಹುಟ್ಟುಗುಣ ಬಿಡುತ್ತದೆಯೇ, ತಾರೀಕು ನೋಡಿದಳು. ಜಗಳವಾದ ಗುರುವಾರದ ಹಿಂದಿನ ದಿನ. ಅಂದರೆ ಅವನು ಅವತ್ತು ಕವರು ಹಿಡಿದು ಬಂದದ್ದು ಇದನ್ನು ಹೇಳಲು.

“ಓಗೇ,” ಎಂದಳು ಅಜ್ಜಿ. ಓದಿದ್ದು ಅವಳಿಗೆ ಕೇಳಿಸಿರಲಿಲ್ಲ, ಮೊಮ್ಮಗಳ ಮುಖ ಮಾತ್ರ ಕಂಡಿತ್ತು. “ಕುದ್ರೆ ನಾನ್ ನೋಡ್ಕತೀನಿ. ನಡೆಸಾಕಿಲ್ಲ, ಆಣೆಗೂ.”

* * *

ನಾಗಸಂದ್ರದಿಂದ ಮೆಟ್ರೋದ ಹಸಿರು ಲೈನು, ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಲೈನು. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ. ಯಮುನಾ ಸವಾರಿಯ ಬೂಟಿನಲ್ಲೇ ಹೊರಟುಬಿಟ್ಟಿದ್ದಳು. ಕುದುರೆಯ ವಾಸನೆಗೆ ಪಕ್ಕದ ಹುಡುಗಿ ಎದ್ದು ಬೇರೆ ಕಡೆ ನಿಂತಳು. ಹೋಗಲಿ. ಇದರ ನಡುವೆಯೂ ತಲೆ ಸುಮ್ಮನಿರಲಿಲ್ಲ. ಬರೆದು ಆರೂವರೆ ತಿಂಗಳಾಯಿತು. ಮನಸ್ಸು ಬದಲಾಗಿದ್ದರೆ? ಅಷ್ಟು ಕೆಟ್ಟದಾಗಿ ಬೈಸಿಕೊಂಡ ಮೇಲೆ ಯಾರ ಮನಸ್ಸು ತಾನೇ ಹಾಗೆಯೇ ಇರುತ್ತದೆ? ಬೊಮ್ಮನಹಳ್ಳಿ ದಾಟುವಾಗ ಇಳಿದು ವಾಪಸ್ ಹೋಗಿಬಿಡೋಣವೇ ಅನ್ನಿಸಿತು. ಬಾಗಿಲು ತೆರೆಯಿತು, ಮುಚ್ಚಿತು. ಅವಳು ಏಳಲಿಲ್ಲ.

ಲ್ಯಾಬಿನ ರಿಸೆಪ್ಷನ್ನಿನಲ್ಲಿ ಒಂದು ಟ್ಯಾಬ್ ಇಟ್ಟಿದ್ದರು. ಹೆಸರು, ಫೋನ್ ನಂಬರ್, ಯಾರನ್ನು ನೋಡಬೇಕು, ಎಲ್ಲ ತುಂಬಿದಳು. ಕೊನೆಗೆ ಬಂದ ಕಾರಣ: ಆಫೀಸ್ ಕೆಲಸ, ಡೆಲಿವರಿ, ಇಂಟರ್‌ವ್ಯೂ, ಪರ್ಸನಲ್. ಬೆರಳು ಗಾಳಿಯಲ್ಲಿ ನಿಂತಿತು.

“ಮೇಡಂ, ಆಫೀಸ್ ಕೆಲಸ ಅಂತ ಒತ್ತಿ, ಎಲ್ಲರೂ ಅದನ್ನೇ ಒತ್ತೋದು,” ಎಂದ ಸೆಕ್ಯೂರಿಟಿಯವನು.

ಅವಳು ಒತ್ತಿ ಕುರ್ಚಿಯಲ್ಲಿ ಕೂತಳು.

ಎರಡು ನಿಮಿಷವೂ ಆಗಿರಲಿಲ್ಲ. ಗಾಜಿನ ಬಾಗಿಲು ತಳ್ಳಿಕೊಂಡು ಶಿವಶಂಕರ್ ಬಂದ. ಲ್ಯಾಬಿನ ನೀಲಿ ಟೋಪಿ ತಲೆಯ ಮೇಲೇ ಇತ್ತು, ಒಂದು ಕೈಗೆ ಗವಸು, ಇನ್ನೊಂದರಲ್ಲಿ ಫೋನು. ಮೆಟ್ಟಿಲು ಓಡಿ ಇಳಿದವನ ಹಾಗೆ ಏದುಸಿರು ಬಿಡುತ್ತಿದ್ದ. ತೆಳ್ಳಗಾಗಿದ್ದ. ಅವಳನ್ನು ನೋಡಿ ನಿಂತ.

“ಕಸ್ತೂರಿ?” ಅದೇ ಮೊದಲ ಮಾತು.

“ಓಡಿದ್ಳು. ಇವತ್ತು. ನಾಲ್ಕೂ ಕಾಲು ಸಮ.”

ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿದ. ರೆಪ್ಪೆಯ ಅಂಚು ಒದ್ದೆಯಾದದ್ದನ್ನು ಅವಳು ನೋಡಿದಳು. ನಟನೆಯೇ ಎಂದು ನೋಡಬೇಕೆಂದುಕೊಂಡು ಮರೆತುಹೋದಳು.

“ನಿಮ್ಮ ಮೆಸೇಜ್ ಓದಿದೆ,” ಎಂದ. “ಉತ್ತರ ಕೊಡೋ ಹಾಗಿರಲಿಲ್ಲ. ದಿಬ್ಬಣ ಅಂತ ನಿಮ್ಮನ್ನ ಅನುಮಾನಿಸಿದೆ. ಅದಕ್ಕೆ ಎಷ್ಟು ಸಲ ಕ್ಷಮೆ ಕೇಳಿದ್ರೂ...”

“ನಾನು ನಿಮ್ಮನ್ನ ಕಳ್ಳ ಅಂದಿದ್ದೆ. ಅದನ್ನೂ ಸೇರಿಸ್ಕೊಳ್ಳಿ.”

“ಹಾಗಂತ ಅನ್ನಲಿಲ್ಲ ನೀವು.”

“ಮನಸ್ಸಲ್ಲಿ ಅಂದಿದ್ದೆ. ಪ್ರತಿ ಗುರುವಾರ.” ಅವಳು ಕುರ್ಚಿಯಿಂದ ಎದ್ದಳು. “ಪ್ರತಿ ಗುರುವಾರ ನಿಮ್ಮನ್ನ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಫೋನಲ್ಲಿ ನಾಲ್ಕು ಸಲ ನೋಡ್ತಿದ್ದೆ. ಕಾವಲು ಅನ್ಕೊಂಡಿದ್ದೆ. ನಾನೆಂಥ ಪೆದ್ದಿ ನೋಡಿ. ಫೈಲ್ ಓದಿದೆ ಇವತ್ತು.”

ಅವನ ಮುಖ ಟೋಪಿಯವರೆಗೂ ಕೆಂಪೇರಿತು. ಏನೋ ಹೇಳಹೋಗಿ, ಕೈಯಲ್ಲಿದ್ದ ಫೋನನ್ನು ಅವಳ ಕಡೆ ತಿರುಗಿಸಿದ. ‘ನಿಮ್ಮನ್ನು ನೋಡಲು ಯಮುನಾ ಬಂದಿದ್ದಾರೆ. ಕಾರಣ: ಪರ್ಸನಲ್.’

“ಹೀಗೆ ಬಂತು ನನಗೆ,” ಎಂದ ಮೆಲ್ಲಗೆ. “ಈ ಟ್ಯಾಬ್ ಸರಿ ಇಲ್ಲ, ಬೆರಳು ಜಾರಿ ಏನೇನೋ ಬೀಳುತ್ತೆ. ಕೈ ತಪ್ಪಿ ಒತ್ತಿದ್ರಾ, ಯಮುನಾ?”

“ಮೂರು ಸಲ ಓದಿ ನೋಡಿ ಒತ್ತಿದ್ದೀನಿ,” ಎಂದಳು ಅವಳು.